ಅಂಗೈಯಗಲದ ಗರಗಸ: ಕೊಳ್ಳಬೇಕೆ, ಬೇಡವೆ?

ಒಂದೇ ಕೈಯಲ್ಲಿ ಎತ್ತಬಹುದಾದ ಮಿನಿ ಸರ್ಕ್ಯುಲರ್ ಸಾ (ದುಂಡು ಬ್ಲೇಡು ತಿರುಗುವ ಪುಟ್ಟ ಗರಗಸ), ಮಿನಿ ಚೈನ್ ಸಾ (ಹಲ್ಲಿನ ಸರಪಳಿ ಓಡುವ ಪುಟ್ಟ ಗರಗಸ), ಅವುಗಳ ಬ್ಲೇಡು, ಬ್ಯಾಟರಿ ಕುರಿತು ಓದುಗರು ಕೇಳಿದ್ದನ್ನೆಲ್ಲ ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇವೆ.

ಪ್ರಶ್ನೆ: ಕಪಾಟಿನ ತಟ್ಟೆ, ಚಪ್ಪಲಿ ಸ್ಟ್ಯಾಂಡು, ಪುಸ್ತಕದ ಗೂಡು ಇಂಥವನ್ನು ಮನೆಯಲ್ಲೇ ಮಾಡಿಕೊಳ್ಳುವ ಹವ್ಯಾಸ. ಇಲ್ಲಿಯವರೆಗೆ ಕೈಗರಗಸದಲ್ಲೇ ಕೆಲಸ. 85 ಮಿ.ಮೀ. ಬ್ಲೇಡಿನ ಮಿನಿ ಸರ್ಕ್ಯುಲರ್ ಸಾ ಕೊಂಡರೆ ಸಾಕೆ, ದೊಡ್ಡದೇ ಬೇಕೆ?

ಉತ್ತರ: ನೀವು ಕೊಯ್ಯುವ ಹಲಗೆಯ ದಪ್ಪ ಎಷ್ಟು ಎನ್ನುವುದೇ ಇಲ್ಲಿ ಮುಖ್ಯ. ವಾಟ್, ವೇಗ, ಬಣ್ಣ ಎಲ್ಲ ಆಮೇಲಿನ ಮಾತು.

85 ಮಿ.ಮೀ. ಬ್ಲೇಡಿನ ತ್ರಿಜ್ಯ 42.5 ಮಿ.ಮೀ. ಆದರೆ ಅಷ್ಟೂ ಮರದೊಳಗೆ ಇಳಿಯುವುದಿಲ್ಲ. ನಡುವೆ ಬ್ಲೇಡು ಹಿಡಿದಿರುವ ವಾಷರ್, ಅದರ ಪಕ್ಕ ಚಾಚಿಕೊಂಡಿರುವ ಗೇರ್ ಪೆಟ್ಟಿಗೆ, ಕೆಳಗಿನ ತಳತಗಡು ಇವೆಲ್ಲ ಸೇರಿ ಸುಮಾರು 15 ಮಿ.ಮೀ. ನುಂಗುತ್ತವೆ. ಉಳಿಯುವುದು 25ರಿಂದ 28 ಮಿ.ಮೀ. ಆಳ. 18 ಮಿ.ಮೀ. ಪ್ಲೈವುಡ್ಡು, ಎಂಡಿಎಫ್ (ಮರದ ನಾರನ್ನು ಗೋಂದಿನೊಂದಿಗೆ ಒತ್ತಿ ಮಾಡಿದ ಹಲಗೆ), ಲ್ಯಾಮಿನೇಟ್ ನೆಲಹಾಸು, 20 ಮಿ.ಮೀ. ಹಲಗೆ ಇವಕ್ಕೆ ಧಾರಾಳವಾಯಿತು. 25 ಮಿ.ಮೀ. ಹಲಗೆಯನ್ನೂ ಕೊಯ್ಯಬಹುದು, ಆದರೆ ಅದು ಯಂತ್ರದ ಎಲ್ಲೆ. ಹಲ್ಲು ಅಡಿಯಿಂದ ಆಚೆ ಬರುವುದು ಒಂದೆರಡು ಮಿ.ಮೀ. ಮಾತ್ರ, ಹಾಗಾಗಿ ನಿಧಾನವಾಗುತ್ತದೆ, ಹೊಟ್ಟು ಸೀಳಿನಲ್ಲೇ ಕಟ್ಟಿಕೊಳ್ಳುತ್ತದೆ. ಮಂಚದ ಕಾಲು, ತೊಲೆ, 50 ಮಿ.ಮೀ. ರೀಪು ಇವಕ್ಕೆ ಈ ಯಂತ್ರ ಅಲ್ಲವೇ ಅಲ್ಲ. ಎರಡೂ ಬದಿಯಿಂದ ಕೊಯ್ದು ನಡುವೆ ಸೇರಿಸಿಕೊಳ್ಳಬಹುದು ಎಂದು ಕೆಲವರು ಹೇಳಿಕೊಡುತ್ತಾರೆ. ಎರಡು ಸೀಳೂ ಒಂದೇ ಸಮತಲದಲ್ಲಿ ಬರುವುದು ಅಪರೂಪ. ನಡುವೆ ಒಂದು ಮೆಟ್ಟಿಲು ಉಳಿದು ಅದನ್ನು ಕೀಸಿ ತೆಗೆಯುವ ಹೊತ್ತಿಗೆ ಕೈಗರಗಸದಲ್ಲೇ ಕೆಲಸ ಮುಗಿದಿರುತ್ತಿತ್ತು.

ನೀವು ಹೇಳಿದ ಕೆಲಸಗಳೆಲ್ಲ ಪ್ಲೈವುಡ್ಡಿನವು. ಅದಕ್ಕೆ ಮಿನಿ ಸಾ ಒಳ್ಳೆಯ ಆಯ್ಕೆಯೇ. ದೊಡ್ಡ 185 ಮಿ.ಮೀ. ಗರಗಸ 4 ಕಿಲೊ ಆಸುಪಾಸು ತೂಗುತ್ತದೆ, ಶುರುವಾಗುವಾಗ ಕೈಯನ್ನು ತಿರುಚುತ್ತದೆ. ಪುಟ್ಟದು ಸಾಮಾನ್ಯವಾಗಿ 2 ಕಿಲೊ ಆಚೀಚೆ. ನೆಲದ ಮೇಲೆ ದಪ್ಪ ಥರ್ಮೊಕೋಲ್ ಹಾಸಿ, ಅದರ ಮೇಲೆ ಇಡೀ ಹಾಳೆ ಮಲಗಿಸಿ, ಮಂಡಿಯೂರಿ ಕೊಯ್ಯುವ ಕೆಲಸಕ್ಕೆ ಇದಕ್ಕಿಂತ ಹಗುರವಾದದ್ದು ಇಲ್ಲ. ಗೋಡೆಗೆ ಕೂರಿಸಿಯಾಗಿರುವ ಕಪಾಟಿನ ಹಿಂಬದಿಯಲ್ಲಿ ಪ್ಲಗ್ಗಿಗೆ ಕಿಂಡಿ ತೆರೆಯುವುದು, ಹಾಸಿದ ನೆಲಹಾಸಿನ ನಡುವಿನ ಒಂದು ಪಟ್ಟಿ ತೆಗೆಯುವುದು ಇಂಥಲ್ಲಿ ದೊಡ್ಡ ಗರಗಸಕ್ಕೆ ಜಾಗವೇ ಸಾಲದು.

ಮುಂದೆ ಮೇಜು, ಬೆಂಚು, ಚಪ್ಪರದ ಚೌಕಟ್ಟು ಮಾಡುವ ಆಲೋಚನೆ ಇದ್ದರೆ ಮಾತ್ರ ಮೊದಲ ಗರಗಸವಾಗಿ ಇದನ್ನು ಕೊಳ್ಳಬೇಡಿ. ದೊಡ್ಡದು 18 ಮಿ.ಮೀ. ಹಲಗೆಯನ್ನೂ ಕೊಯ್ಯುತ್ತದೆ, ಪುಟ್ಟದು 50 ಮಿ.ಮೀ. ಕೊಯ್ಯಲಾರದು.

ಪ್ರಶ್ನೆ: 85ರ ಬದಲು 115 ಮಿ.ಮೀ. ಬ್ಲೇಡಿನದು ತೆಗೆದುಕೊಂಡರೆ ಎರಡೂ ಕೆಲಸ ಆಗದೆ?

ಉತ್ತರ: ಬಹುಮಟ್ಟಿಗೆ ಆಗುತ್ತದೆ. 115 ಮಿ.ಮೀ. ಬ್ಲೇಡಿಗೆ ನೇರ ಕೊಯ್ತದಲ್ಲಿ ಸುಮಾರು 42 ಮಿ.ಮೀ., 45 ಡಿಗ್ರಿ ವಾಲಿಸಿದಾಗ ಸುಮಾರು 28 ಮಿ.ಮೀ. ಆಳ ಸಿಗುತ್ತದೆ. 38 ಮಿ.ಮೀ. ರೀಪು ಒಂದೇ ಸಲಕ್ಕೆ ತುಂಡಾಗುತ್ತದೆ. 85 ಮಿ.ಮೀ. ಯಂತ್ರಗಳಲ್ಲಿ ಹಲವಕ್ಕೆ ವಾಲಿಸುವ ಸೌಲಭ್ಯವೇ ಇರುವುದಿಲ್ಲ. ಚೌಕಟ್ಟಿನ ಮೂಲೆ ಕೂಡಿಸಲು ಓರೆ ಕೊಯ್ತ ಬೇಕೆನ್ನುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು. 115ರದ್ದು ಸ್ವಲ್ಪ ಭಾರ, ಹಿಡಿಕೆ ದೊಡ್ಡ ಗರಗಸದ ಹಾಗೆ ಮೇಲ್ಗಡೆ ಇರುವುದೇ ಹೆಚ್ಚು. 85ರದ್ದು ಗ್ರೈಂಡರ್ ಹಾಗೆ ಉದ್ದ ದೇಹವನ್ನೇ ಹಿಡಿಯುವ ಆಕಾರ. ಯಾವುದು ಕೈಗೆ ಹೊಂದುತ್ತದೆ ಎಂಬುದನ್ನು ಅಂಗಡಿಯಲ್ಲಿ ಹಿಡಿದು ನೋಡಿಯೇ ತೀರ್ಮಾನಿಸಬೇಕು.

ಒಂದೇ ಗರಗಸ ಇಟ್ಟುಕೊಳ್ಳುವವರಿಗೆ, ಅದೂ ಚಿಕ್ಕದೇ ಬೇಕೆನ್ನುವವರಿಗೆ, ನಮ್ಮ ಮತ 115ಕ್ಕೆ.

ಪ್ರಶ್ನೆ: ಒಂದರ ಮೇಲೆ 12 ವೋಲ್ಟ್, ಇನ್ನೊಂದರ ಮೇಲೆ 20, ಮತ್ತೊಂದರ ಮೇಲೆ 21, ಹೆಸರೇ ಕೇಳದ ಒಂದರ ಮೇಲೆ 88 ಎಂದಿದೆ. ಇವುಗಳಲ್ಲಿ ಯಾವುದನ್ನು ನಂಬಬೇಕು?

ಉತ್ತರ: ಲಿಥಿಯಂ ಅಯಾನ್ ಸೆಲ್ ಒಂದರ ಸಾಧಾರಣ ವೋಲ್ಟೇಜು 3.6. ಪೂರ್ತಿ ಚಾರ್ಜಾದ ಕ್ಷಣದಲ್ಲಿ 4.2 ಇರುತ್ತದೆ, ಬಳಸತೊಡಗಿದ ಕೂಡಲೇ 4ಕ್ಕೆ ಇಳಿಯುತ್ತದೆ. ಐದು ಸೆಲ್ಲುಗಳ ಒಂದೇ ಪ್ಯಾಕನ್ನು ಒಬ್ಬರು 18 ಎನ್ನುತ್ತಾರೆ, ಇನ್ನೊಬ್ಬರು 20, ಮತ್ತೊಬ್ಬರು 21. ಮೂರೂ ಒಂದೇ. ಹಾಗೆಯೇ 12 ವೋಲ್ಟ್ ಎಂದು ಮಾರುವುದು ಮೂರು ಸೆಲ್ಲಿನ 10.8 ವೋಲ್ಟಿನ ಪ್ಯಾಕು. ಇನ್ನು 88 ನಿಜವಾಗಿದ್ದರೆ ಕಡಿಮೆಯೆಂದರೂ 20ಕ್ಕಿಂತ ಹೆಚ್ಚು ಸೆಲ್ಲು ಸಾಲಾಗಿ ಇರಬೇಕು. ಒಂದೊಂದು ಸೆಲ್ಲೂ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಮುಷ್ಟಿಯಲ್ಲಿ ಅಡಗುವ ಪ್ಯಾಕಿನಲ್ಲಿ ಅಷ್ಟು ಹಿಡಿಸುವುದಿಲ್ಲ. ಆ ಅಂಕಿಯನ್ನು ಮಾದರಿಯ ಹೆಸರೆಂದು ಓದಿಕೊಳ್ಳಿ.

ನೋಡಬೇಕಾದದ್ದು ವಾಟ್-ಅವರ್, ಅಂದರೆ ಬ್ಯಾಟರಿ ಹಿಡಿದಿಡುವ ಶಕ್ತಿಯ ಅಳತೆ. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ. 10.8 ವೋಲ್ಟ್, 2 ಆಂಪಿಯರ್-ಅವರ್ ಎಂದರೆ 21.6 ವಾಟ್-ಅವರ್. ಮರದೊಳಗೆ ಓಡುವಾಗ ಮೋಟಾರು 200 ವಾಟ್ ಎಳೆದರೆ ಆರೂವರೆ ನಿಮಿಷಕ್ಕೆ ಖಾಲಿ. 18 ವೋಲ್ಟ್, 4 ಆಂಪಿಯರ್-ಅವರ್ ಎಂದರೆ 72 ವಾಟ್-ಅವರ್. 400 ವಾಟ್ ಎಳೆದರೂ 10 ನಿಮಿಷ ಮೀರುತ್ತದೆ. ಕೊಯ್ಯುವ ಕೆಲಸದಲ್ಲಿ ಹತ್ತು ನಿಮಿಷದ ಓಟ ಕಡಿಮೆಯೇನಲ್ಲ, ಏಕೆಂದರೆ ಅಳತೆ ಹಾಕಿ, ಕ್ಲಾಂಪು ಬಿಗಿಯುವುದೇ ಹೆಚ್ಚಿನ ಹೊತ್ತು. ಆದರೂ ಸರ್ಕ್ಯುಲರ್ ಸಾಗೆ ಮೂರು ಸೆಲ್ಲಿನ ಪ್ಯಾಕು ದುರ್ಬಲ. 18 ಮಿ.ಮೀ. ಪ್ಲೈವುಡ್ಡಿನಲ್ಲಿ ಸ್ವಲ್ಪ ಒತ್ತಿದರೂ ನಿಂತುಬಿಡುತ್ತದೆ. ಕೆಲಸ ನಡೆಯುವುದು ಪ್ಲಗ್ಗಿನ ಹತ್ತಿರವೇ ಆದರೆ ತಂತಿ ಇರುವ 500–700 ವಾಟಿನ ಯಂತ್ರವೇ ಹೆಚ್ಚು ಬಾಳುತ್ತದೆ. ಐದು ವರ್ಷದ ನಂತರ ಬ್ಯಾಟರಿ ಹುಡುಕುವ ತಾಪತ್ರಯವೂ ಇಲ್ಲ. ಮನೆಯಲ್ಲಿ ಈಗಾಗಲೇ ಡ್ರಿಲ್ಲಿಂಗ್ ಯಂತ್ರದ 18 ವೋಲ್ಟಿನ ಬ್ಯಾಟರಿ ಇದ್ದರೆ ಅದೇ ತಯಾರಕರ ಗರಗಸದ ದೇಹವನ್ನಷ್ಟೇ ಕೊಳ್ಳಿ.

ಪ್ರಶ್ನೆ: ಕೊಂಡ ಶುರುವಿನಲ್ಲಿ ಬೆಣ್ಣೆಯಂತೆ ಕೊಯ್ಯುತ್ತಿತ್ತು. ಈಗ ಹೊಗೆ ಬರುತ್ತದೆ, ಅಂಚು ಕಪ್ಪಾಗುತ್ತದೆ, ನಡುವೆ ನಿಂತುಬಿಡುತ್ತದೆ. ಮೋಟಾರು ಹೋಯಿತೆ?

ಉತ್ತರ: ಮೋಟಾರಿನ ಮೇಲೆ ಅನುಮಾನ ಪಡುವ ಮೊದಲು ಬ್ಲೇಡು ಬಿಚ್ಚಿ ನೋಡಿ. ಹಲ್ಲಿನ ಪಕ್ಕದಲ್ಲಿ ಕಂದು ಬಣ್ಣದ ಅಂಟು ಗಟ್ಟಿಯಾಗಿ ಕೂತಿದ್ದರೆ ಅದು ಮರದ ರಾಳ ಮತ್ತು ಪ್ಲೈವುಡ್ಡಿನ ಗೋಂದು. ಸೀಳಿನ ಅಗಲ ಹಲ್ಲಿನಿಂದ ಬರುತ್ತದೆ, ಬ್ಲೇಡಿನ ಮೈ ಅದಕ್ಕಿಂತ ತೆಳು. ಆ ವ್ಯತ್ಯಾಸವನ್ನು ಅಂಟು ತುಂಬಿಬಿಟ್ಟರೆ ಮೈ ಮರಕ್ಕೆ ಉಜ್ಜಿ ಸುಡುತ್ತದೆ. ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ 15–20 ನಿಮಿಷ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಕೂಡಲೇ ಒರೆಸಿ ಒಣಗಿಸಿ. ಎಷ್ಟೋ ಬ್ಲೇಡುಗಳು ಇಷ್ಟಕ್ಕೇ ಮತ್ತೆ ಕೆಲಸಕ್ಕೆ ಬರುತ್ತವೆ.

ಅಂಟಿಲ್ಲದಿದ್ದರೆ ಹಲ್ಲು ಮೊಂಡಾಗಿದೆ. ಯಂತ್ರದ ಜೊತೆ ಬರುವ ಹೈಸ್ಪೀಡ್ ಸ್ಟೀಲಿನ ನುಣ್ಣಹಲ್ಲಿನ ಬ್ಲೇಡು ಮೆತ್ತನೆಯ ಮರಕ್ಕೆ, ಪ್ಲಾಸ್ಟಿಕ್ಕಿಗೆ ಸರಿ. ಪ್ಲೈವುಡ್ಡು, ಎಂಡಿಎಫ್‌ಗಳ ಗೋಂದು ಅದರ ಮೊನೆಯನ್ನು ಬೇಗ ತಿನ್ನುತ್ತದೆ. ಟಂಗ್‌ಸ್ಟನ್ ಕಾರ್ಬೈಡ್ ತುದಿಯ, 24 ಹಲ್ಲಿನ ಬ್ಲೇಡು ಹಾಕಿ.

ಬ್ಲೇಡು ಹೊಸದಾಗಿದ್ದೂ ನಿಲ್ಲುತ್ತಿದ್ದರೆ ನಾಲ್ಕು ಕಡೆ ನೋಡಬೇಕು. ಬ್ಲೇಡಿನ ಮೇಲಿನ ಬಾಣ ಯಂತ್ರದ ಮೇಲಿನ ಬಾಣದ ದಿಕ್ಕಿಗೇ ಇದೆಯೆ? ತಿರುವುಮುರುವಾಗಿ ಹಾಕಿದ ಬ್ಲೇಡೂ ಕೊಯ್ಯುತ್ತದೆ, ಬರೀ ಹೊಗೆಯೊಂದಿಗೆ. ಹಲಗೆಯ ಎರಡು ತುದಿಗೆ ಮಾತ್ರ ಆಸರೆ ಕೊಟ್ಟು ನಡುವೆ ಕೊಯ್ಯುತ್ತಿದ್ದೀರಾ? ಕೊಯ್ದಂತೆ ಹಲಗೆ ನಡುವೆ ಬಾಗಿ ಸೀಳು ಮುಚ್ಚಿಕೊಂಡು ಬ್ಲೇಡನ್ನು ಹಿಡಿಯುತ್ತದೆ. ಗರಗಸ ಹಿಂದಕ್ಕೆ ಒದೆಯುವುದೂ ಹೀಗೆಯೇ. ಎಕ್ಸ್‌ಟೆನ್ಷನ್ ತಂತಿ ತೆಳುವಾಗಿ ಉದ್ದವಾಗಿದೆಯೆ, ಸುರುಳಿಯಲ್ಲೇ ಇದೆಯೆ? ವೋಲ್ಟೇಜು ಇಳಿದು ಬಲ ಕುಗ್ಗುತ್ತದೆ, 1.5 ಚದರ ಮಿ.ಮೀ. ತಂತಿಯನ್ನು ಪೂರ್ತಿ ಬಿಚ್ಚಿ ಬಳಸಿ. ಕೊನೆಯದು ನಿಮ್ಮ ಕೈ. 85 ಮಿ.ಮೀ. ಬ್ಲೇಡು ನಿಮಿಷಕ್ಕೆ 4,000 ಸುತ್ತು ಹೊಡೆದರೆ ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 18 ಮೀಟರ್. ದೊಡ್ಡ 185 ಮಿ.ಮೀ. ಬ್ಲೇಡು 5,500 ಸುತ್ತಿನಲ್ಲಿ 53 ಮೀಟರ್. ಮೂರರಲ್ಲೊಂದು ಪಾಲು ವೇಗದ ಯಂತ್ರವನ್ನು ದೊಡ್ಡದರ ಹಾಗೆ ತಳ್ಳಿದರೆ ನಿಲ್ಲದೆ ಏನು ಮಾಡೀತು? ಶಬ್ದ ಕೇಳುತ್ತ ತಳ್ಳಿ; ಸ್ವರ ಇಳಿದರೆ ಕೈ ಸಡಿಲಿಸಿ. ಹಾಗೆಂದು ಒಂದೇ ಕಡೆ ನಿಂತರೂ ಅಂಚು ಸುಡುತ್ತದೆ.

ಬಿಸಿಯಾದ ಮೋಟಾರನ್ನು ತಟ್ಟನೆ ನಿಲ್ಲಿಸಿ ಮೂಲೆಗಿಡಬೇಡಿ. ಒಂದು ನಿಮಿಷ ಬರಿದೇ ಓಡಿಸಿದರೆ ಒಳಗಿನ ಫ್ಯಾನು ಅದನ್ನು ತಣಿಸುತ್ತದೆ. ತಂತಿ ಯಂತ್ರಗಳಲ್ಲಿ ಗಾಳಿಕಿಂಡಿಯೊಳಗೆ ಕಿಡಿ ಹೆಚ್ಚಾಗಿ ಕಂಡರೆ ಕಾರ್ಬನ್ ಬ್ರಷ್ಷು ಸವೆದಿದೆ; 5–6 ಮಿ.ಮೀ.ಗೆ ಇಳಿದಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ.

ಪ್ರಶ್ನೆ: ಪ್ಲೈವುಡ್ಡು ಕೊಯ್ದರೆ ಮೇಲ್ಮೈಯೆಲ್ಲ ಸಿಬಿರೇಳುತ್ತದೆ. ಗೆರೆಯೂ ನೇರ ಬರುವುದಿಲ್ಲ. ಲೇಸರ್ ಇರುವ ಮಾದರಿ ಕೊಂಡರೆ ಸರಿಹೋಗುತ್ತದೆಯೆ?

ಉತ್ತರ: ಲೇಸರ್ ಗೆರೆ ತೋರಿಸುತ್ತದೆ, ಗರಗಸವನ್ನು ಗೆರೆಯ ಮೇಲೆ ಹಿಡಿದಿಡುವುದಿಲ್ಲ. ಹೊಟ್ಟು ಹಾರಿದ ಮೇಲೆ ಕಾಣುವುದೂ ಕಷ್ಟ. ಅದರ ದುಡ್ಡನ್ನು ಎರಡು ಕ್ಲಾಂಪಿಗೆ ಹಾಕಿ, ಗರಗಸವನ್ನು ನೇರ ನಡೆಸುವ ಒಂದು ಕೊಯ್ತಪಟ್ಟಿ ಮಾಡಿಕೊಳ್ಳಿ. ನಿಮ್ಮ ಎರಡು ತೊಂದರೆಗಳಿಗೂ ಅದೇ ಮದ್ದು.

6 ಮಿ.ಮೀ. ಎಂಡಿಎಫ್ ಅಥವಾ ಪ್ಲೈವುಡ್ಡಿನ ಒಂದು ಪಟ್ಟಿ ಬೇಕು, 250 ಮಿ.ಮೀ. ಅಗಲ. ಉದ್ದ 1,400 ಮಿ.ಮೀ. ಇದ್ದರೆ 1,220 ಮಿ.ಮೀ. ಅಗಲದ ಹಾಳೆಯನ್ನು ಅಡ್ಡಕ್ಕೆ ಕೊಯ್ಯಲು ಸಾಕು. ಅದರ ಮೇಲೆ ಅಡ್ಡಗಟ್ಟೆಯಾಗಿ 9 ಮಿ.ಮೀ. ದಪ್ಪದ, 60 ಮಿ.ಮೀ. ಅಗಲದ ಇನ್ನೊಂದು ಪಟ್ಟಿ. ಇದರ ಒಂದು ಅಂಚು ಕಾರ್ಖಾನೆಯಿಂದ ಬಂದ ನೇರ ಅಂಚೇ ಆಗಿರಲಿ, ನೀವು ಕೊಯ್ದದ್ದು ಬೇಡ. ಗರಗಸವನ್ನು ಪೂರ್ತಿ ಆಳಕ್ಕೆ ಇಳಿಸಿದಾಗ ಮೋಟಾರು ಈ ಗಟ್ಟೆಗೆ ತಾಗುವುದಿಲ್ಲ ತಾನೆ ಎಂದು ಮೊದಲೇ ಇಟ್ಟು ನೋಡಿ. ತಾಗಿದರೆ ಗಟ್ಟೆಯನ್ನೂ 6 ಮಿ.ಮೀ. ಮಾಡಿ.

ಈಗ ಗರಗಸದ ತಳತಗಡಿನ ಅಂಚಿನಿಂದ ಬ್ಲೇಡಿನವರೆಗಿನ ದೂರ ಅಳೆಯಿರಿ. ಗಟ್ಟೆಯ ನೇರ ಅಂಚಿನಿಂದ ಆಚೆ, ಆ ದೂರಕ್ಕಿಂತ 15 ಮಿ.ಮೀ. ಹೆಚ್ಚು ತಳಪಟ್ಟಿ ಉಳಿಯುವಂತೆ ಗಟ್ಟೆಯನ್ನು ಅಂಟಿಸಿ, ಅಡಿಯಿಂದ 12 ಮಿ.ಮೀ. ಸ್ಕ್ರೂ ಬಿಗಿಯಿರಿ, ಸ್ಕ್ರೂ ತಲೆ ಮರದೊಳಗೆ ಹುದುಗಿರಲಿ. ಅಂಟು ಒಣಗಿದ ಮೇಲೆ ಗರಗಸವನ್ನು ಗಟ್ಟೆಗೆ ಒತ್ತಿ ಒಮ್ಮೆ ಓಡಿಸಿದರೆ ಹೆಚ್ಚುವರಿ 15 ಮಿ.ಮೀ. ಕತ್ತರಿಸಿಹೋಗುತ್ತದೆ. ಉಳಿದ ಅಂಚೇ ಇನ್ನು ಮೇಲೆ ನಿಮ್ಮ ಕೊಯ್ತದ ಗೆರೆ. ಪಟ್ಟಿಯ ಅಂಚನ್ನು ಪೆನ್ಸಿಲ್ ಗುರುತಿಗೆ ಇಟ್ಟು, ಉಳಿಸಿಕೊಳ್ಳುವ ಭಾಗದ ಮೇಲೆ ಕ್ಲಾಂಪು ಹಾಕಿ ಕೊಯ್ದರಾಯಿತು. ಬೇರೆ ದಪ್ಪದ ಬ್ಲೇಡು ಹಾಕಿದರೆ ಈ ಪಟ್ಟಿ ಸುಳ್ಳು ಹೇಳುತ್ತದೆ, ಹಾಗಾಗಿ ಯಾವ ಬ್ಲೇಡಿನದು ಎಂದು ಅದರ ಮೇಲೇ ಬರೆದಿಡಿ.

6 ಮಿ.ಮೀ. ಎಂದು ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ಗರಗಸ ಪಟ್ಟಿಯ ಮೇಲೆ ಓಡುವುದರಿಂದ ಅದರ ದಪ್ಪದಷ್ಟು ಆಳ ಕಳೆದುಹೋಗುತ್ತದೆ. 27 ಮಿ.ಮೀ. ಆಳದ ಯಂತ್ರಕ್ಕೆ 21 ಉಳಿಯುತ್ತದೆ, 18ರ ಹಾಳೆ ದಾಟಿ 3 ಮಿ.ಮೀ. ಹಲ್ಲು ಆಚೆ ಬರುತ್ತದೆ. ತಳಪಟ್ಟಿ 9 ಮಿ.ಮೀ. ಮಾಡಿದರೆ ಉಳಿಯುವುದು ಸರಿಯಾಗಿ 18. ಅಡಿಯ ಪದರ ಕೊಯ್ಯದೆ ಹಾಗೇ ಉಳಿಯುತ್ತದೆ.

ಸಿಬಿರಿನ ಮಾತು. ಮುಂಭಾಗದ ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಕೊಯ್ಯುವುದರಿಂದ ನಾರು ಸೀಳುವುದು ಮೇಲ್ಮೈಯಲ್ಲಿ. ಆದ್ದರಿಂದ ಅಂದದ ಮುಖ ಕೆಳಗಿರಲಿ. ಎರಡೂ ಮುಖ ಕಾಣುವಂಥದ್ದಾದರೆ ಮೊದಲು 2 ಮಿ.ಮೀ. ಆಳಕ್ಕೆ ಒಂದು ಓಟ, ಆಮೇಲೆ ಪೂರ್ತಿ ಆಳಕ್ಕೆ ಇನ್ನೊಂದು. ಕೊಯ್ತಪಟ್ಟಿಯ ಅಂಚು ಗೆರೆಯ ಮೇಲೇ ಕೂತು ನಾರನ್ನು ಒತ್ತಿ ಹಿಡಿಯುವುದರಿಂದ ಉಳಿಸಿಕೊಳ್ಳುವ ಬದಿ ಚೊಕ್ಕಟವಾಗಿರುತ್ತದೆ. ಬ್ಲೇಡನ್ನು ಸುಮ್ಮನೆ ಪೂರ್ತಿ ಇಳಿಸಬೇಡಿ: ಹಲಗೆಯ ಅಡಿಯಿಂದ 3ರಿಂದ 5 ಮಿ.ಮೀ. ಆಚೆ ಬಂದರೆ ಸಾಕು. ಹೆಚ್ಚು ಇಳಿಸಿದಷ್ಟೂ ಹಲ್ಲು ನೆಟ್ಟಗೆ ಮೇಲೆದ್ದು ಪದರವನ್ನು ಕಿತ್ತೇಳುತ್ತದೆ.

ಪ್ರಶ್ನೆ: ಟೈಲ್ಸ್ ಕೆಲಸಕ್ಕೆಂದು ಕೊಂಡ 110 ಮಿ.ಮೀ. ಮಾರ್ಬಲ್ ಕಟರ್ ಇದೆ. ಅದಕ್ಕೇ ಮರದ ಬ್ಲೇಡು ಹಾಕಿದರೆ 30 ಮಿ.ಮೀ. ಮೇಲೆ ಆಳ ಸಿಗುತ್ತದೆ. ಮಿನಿ ಸಾ ಯಾಕೆ ಬೇಕು?

ಉತ್ತರ: ಬೇಡ ಎಂದು ಖಡಾಖಂಡಿತವಾಗಿ ಹೇಳುತ್ತೇವೆ. ಎಷ್ಟೋ ಕಡೆ ಹಾಗೆ ಮಾಡುತ್ತಾರೆ ಎನ್ನುವುದು ಗೊತ್ತಿದ್ದೇ ಹೇಳುತ್ತಿದ್ದೇವೆ.

ಕಲ್ಲು ಕೊಯ್ಯುವ ವಜ್ರದ ಬ್ಲೇಡಿಗೆ ಹಲ್ಲಿಲ್ಲ. ಅದು ಉಜ್ಜಿ ಸವೆಸುತ್ತದೆ, ಕಚ್ಚಿ ಎಳೆಯುವುದಿಲ್ಲ. ಆ ಕಾರಣಕ್ಕೆ ಮಾರ್ಬಲ್ ಕಟರಿಗೆ ಮೇಲರ್ಧದ ಕವಚ ಮಾತ್ರ ಕೊಟ್ಟಿರುತ್ತಾರೆ. ಮರದ ಗರಗಸಕ್ಕೆ ಕೆಳಗೂ ಸ್ಪ್ರಿಂಗಿನ ಕವಚ ಇರುತ್ತದೆ, ಮೇಲೆತ್ತಿದೊಡನೆ ಅದು ಮುಚ್ಚಿಕೊಳ್ಳುತ್ತದೆ. ಇಲ್ಲವೆ ಬ್ಲೇಡೇ ತಳತಗಡಿನ ಮೇಲಕ್ಕೆ ಜಿಗಿದು ಅಡಗುತ್ತದೆ. ಮಾರ್ಬಲ್ ಕಟರಿನಲ್ಲಿ ಎರಡೂ ಇಲ್ಲ. ಹಲವು ಕಟರುಗಳ ಸ್ವಿಚ್ಚು ಒತ್ತಿದಲ್ಲೇ ಸಿಕ್ಕಿಕೊಂಡು ನಿಲ್ಲುವಂಥದ್ದು. ಕೈ ಜಾರಿದರೂ ಯಂತ್ರ ಓಡುತ್ತಲೇ ಇರುತ್ತದೆ. ವೇಗ ನಿಮಿಷಕ್ಕೆ 12,000 ಸುತ್ತಿನ ಆಸುಪಾಸು. ಅಷ್ಟರಲ್ಲಿ 110 ಮಿ.ಮೀ. ಬ್ಲೇಡಿನ ಅಂಚು ಸೆಕೆಂಡಿಗೆ 69 ಮೀಟರ್ ಹೋಗುತ್ತದೆ, ದೊಡ್ಡ ಮರಗರಗಸಕ್ಕಿಂತಲೂ ಹೆಚ್ಚು. ಬ್ಲೇಡಿನ ಮೇಲೆ ಅಚ್ಚಾದ ಗರಿಷ್ಠ ವೇಗ ಅದಕ್ಕಿಂತ ಕಡಿಮೆಯಿದ್ದರೆ ಹಲ್ಲಿನ ತುದಿ ಹಾರಬಹುದು. ಇರಲಿ, ವೇಗ ತಾಳುವ ಬ್ಲೇಡೇ ಸಿಕ್ಕಿತು ಅನ್ನಿ. ಕವಚದ ಕೊರತೆ ಹಾಗೇ ಉಳಿಯಿತಲ್ಲ.

ಆಂಗಲ್ ಗ್ರೈಂಡರಿಗೆ ಹಲ್ಲಿನ ಬ್ಲೇಡು ಹಾಕುವುದು ಇನ್ನೂ ಕೆಟ್ಟದ್ದು. ಅದಕ್ಕೆ ಹಲಗೆಯ ಮೇಲೆ ಕೂರುವ ತಳವೂ ಇಲ್ಲ.

ಪ್ರಶ್ನೆ: ಹಿತ್ತಲಿನ ಮರಗಳ ಕೊಂಬೆ ಸವರಲು 4 ಇಂಚು ಮತ್ತು 6 ಇಂಚಿನ ಮಿನಿ ಚೈನ್ ಸಾ ನೋಡಿದೆವು. 4 ಇಂಚಿನದು 10 ಸೆಂ.ಮೀ. ಕೊಂಬೆ ಕೊಯ್ಯುತ್ತದೆ ಎನ್ನುತ್ತಾರೆ. ನಿಜವೆ?

ಉತ್ತರ: ಸರಪಳಿ ಸುತ್ತುವ ಪಟ್ಟಿಯ ಉದ್ದ 10 ಸೆಂ.ಮೀ. ಇದೆ ಎನ್ನುವುದು ನಿಜ. ಕೊಂಬೆ ಅಷ್ಟೇ ದಪ್ಪವಿದ್ದರೆ ಪಟ್ಟಿಯ ಮೂಗು ಮರದೊಳಗೆ ಹೂತುಹೋಗುತ್ತದೆ, ಸರಪಳಿ ಹೊಟ್ಟು ಹೊರಹಾಕಲಾರದೆ ಬಿಸಿಯಾಗುತ್ತದೆ. 4 ಇಂಚಿನದಕ್ಕೆ 5ರಿಂದ 7 ಸೆಂ.ಮೀ., 6 ಇಂಚಿನದಕ್ಕೆ 10 ಸೆಂ.ಮೀ. ಎಂದು ಲೆಕ್ಕ ಹಿಡಿಯಿರಿ. ವರ್ಷಕ್ಕೆ ಹತ್ತಿಪ್ಪತ್ತು ಕೊಂಬೆ ಸವರುವವರಿಗೆ ಮಡಚುವ ಕೈಗರಗಸವೇ ಸಾಕು. ಅದಕ್ಕೆ ಎಣ್ಣೆ ಬೇಡ, ಚಾರ್ಜು ಬೇಡ. ಸಾಲು ಮರಗಳಿದ್ದು ದಿನಗಟ್ಟಲೆ ಕೆಲಸ ಇರುವವರಿಗೆ, ಮಣಿಕಟ್ಟಿನ ನೋವಿರುವವರಿಗೆ ಮಿನಿ ಚೈನ್ ಸಾ ನಿಜವಾಗಿಯೂ ಉಪಕಾರಿ.

ಈ ಯಂತ್ರಗಳು ಕೆಡುವುದು ಎಣ್ಣೆಯಿಲ್ಲದೆ. ಹಲವು ಮಾದರಿಗಳಲ್ಲಿ ಎಣ್ಣೆ ತಾನಾಗಿ ಹನಿಯುವ ಏರ್ಪಾಡಿಲ್ಲ. ಕೆಲವಕ್ಕೆ ಒತ್ತುವ ಗುಂಡಿ ಇರುತ್ತದೆ. ಏನೂ ಇಲ್ಲದಿದ್ದರೆ ನಾಲ್ಕೈದು ಕೊಯ್ತಕ್ಕೊಮ್ಮೆ ಬ್ಯಾಟರಿ ತೆಗೆದು ಪಟ್ಟಿಯ ಅಂಚಿನುದ್ದಕ್ಕೂ ಕೆಲವು ಹನಿ ಬಿಡಿ. ಚೈನ್ ಸಾ ಎಣ್ಣೆ ಅಂಟಂಟಾಗಿ ಸರಪಳಿಗೆ ಹಿಡಿದುಕೊಂಡಿರುತ್ತದೆ. ಬಳಸಿ ತೆಗೆದ ಇಂಜಿನ್ ಎಣ್ಣೆ ಬೇಡ, ಅದರಲ್ಲಿ ಲೋಹದ ಪುಡಿ ಇರುತ್ತದೆ, ನೆಲಕ್ಕೂ ವಿಷ.

ಎರಡನೆಯದು ಬಿಗಿ. ಹೊಸ ಸರಪಳಿ ಮೊದಲ ಕೆಲವು ಕೊಯ್ತದಲ್ಲೇ ಸಡಿಲಾಗುತ್ತದೆ. ಪಟ್ಟಿಯ ನಡುವೆ ಸರಪಳಿಯನ್ನು ಬೆರಳಲ್ಲಿ ಎತ್ತಿದರೆ ಒಳಗಿನ ಕೊಂಡಿ ಪಟ್ಟಿಯ ಅಂಚಿನ ತೋಡಿನಿಂದ ಪೂರ್ತಿ ಆಚೆ ಬರಬಾರದು, ಕೈಯಿಂದ ಎಳೆದರೆ ಸರಾಗ ಓಡಬೇಕು. ಬಿಸಿ ಸರಪಳಿಯನ್ನು ಬಿಗಿ ಮಾಡಿಟ್ಟರೆ ತಣಿದಾಗ ಕುಗ್ಗಿ ಪಟ್ಟಿಯನ್ನು ಹಿಂಡುತ್ತದೆ, ಆದ್ದರಿಂದ ಕೆಲಸ ಮುಗಿದ ಮೇಲೆ ಸ್ವಲ್ಪ ಸಡಿಲಿಸಿಡಿ.

ಹೊಟ್ಟು ತುಣುಕು ತುಣುಕಾಗಿ ಬರುವ ಬದಲು ಪುಡಿಯಾಗಿ ಬರತೊಡಗಿದರೆ ಹಲ್ಲು ಮೊಂಡಾಯಿತು ಎಂದರ್ಥ. ಈ ಪುಟ್ಟ ಸರಪಳಿಗಳು ಹೆಚ್ಚಾಗಿ ಕಾಲಿಂಚು ಪಿಚ್ಚಿನವು (ಪಿಚ್ಚು ಎಂದರೆ ಕೊಂಡಿಗಳ ಅಂತರದ ಅಳತೆ). ಅದಕ್ಕೆ 4 ಮಿ.ಮೀ. ದುಂಡು ಅರ, 30 ಡಿಗ್ರಿ ಓರೆ. ಪ್ರತಿ ಹಲ್ಲಿಗೂ ಒಳಗಿನಿಂದ ಹೊರಕ್ಕೆ, ಎಣಿಸಿ ಅಷ್ಟೇ ಸಲ ಅರ ಹಾಕಿ. ಒಂದು ಬದಿ ಹೆಚ್ಚು, ಒಂದು ಬದಿ ಕಡಿಮೆಯಾದರೆ ಕೊಯ್ತ ವಾರೆ ಹೋಗುತ್ತದೆ.

ಕೊಂಬೆಯ ಕೆಳಗಿನಿಂದ ಮೊದಲು ಮೂರರಲ್ಲೊಂದು ಪಾಲು ಕೊಯ್ಯಿರಿ, ಅದರಿಂದ ಒಂದೆರಡು ಸೆಂ.ಮೀ. ಆಚೆ, ತುದಿಯ ಕಡೆಗೆ, ಮೇಲಿನಿಂದ ಕೊಯ್ದು ಭಾರ ಇಳಿಸಿ, ಕಡೆಯಲ್ಲಿ ಉಳಿದ ಮೋಟನ್ನು ಕಾಂಡದ ಬಳಿ ಉಬ್ಬಿರುವ ಉಂಗುರದ ಹೊರಗೆ ತೆಗೆಯಿರಿ. ಉಂಗುರ ಉಳಿದರೆ ಗಾಯ ಮುಚ್ಚುತ್ತದೆ. ಕೆಳಗೀಟು ಹಾಕದೆ ಮೇಲಿನಿಂದಲೇ ಕೊಯ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನು ಉದ್ದಕ್ಕೆ ಸುಲಿದುಕೊಂಡು ಹೋಗುತ್ತದೆ.

ಪುಟ್ಟದು ಎಂದು ಆಟಿಕೆಯಂತೆ ಹಿಡಿಯುವುದೇ ದೊಡ್ಡ ಅಪಾಯ. ಒಂದು ಕೈಯಲ್ಲಿ ಗರಗಸ, ಇನ್ನೊಂದರಲ್ಲಿ ಕೊಯ್ಯುವ ಕೊಂಬೆ, ಅದೂ ಏಣಿಯ ಮೇಲೆ: ಬೆರಳು ಹೋಗುವುದು ಹೀಗೆಯೇ. ಪಟ್ಟಿಯ ಮೂಗಿನ ಮೇಲರ್ಧ ಯಾವುದಕ್ಕಾದರೂ ತಾಗಿದರೆ ಗರಗಸ ನಿಮ್ಮ ಕಡೆಗೆ ಚಿಮ್ಮುತ್ತದೆ. ಮೂಗಿನ ಕವಚ ಕೊಟ್ಟಿದ್ದರೆ ಅಡ್ಡಿ ಎಂದು ಬಿಚ್ಚಿಡಬೇಡಿ.

ಪ್ರಶ್ನೆ: ಜಿಗ್ ಸಾ (ಕಿರಿದಾದ ಬ್ಲೇಡು ಮೇಲೆ ಕೆಳಗೆ ಓಡುವ ಗರಗಸ) ಇದೆ. ಮತ್ತೆ ಮಿನಿ ಸಾ ಬೇಕೆ?

ಉತ್ತರ: ಬಾಗಿದ ಗೆರೆ, ಸಿಂಕಿನ ಕಿಂಡಿ, ಒಳಮೂಲೆ ಇವು ಜಿಗ್ ಸಾ ಕೆಲಸ, ಸರ್ಕ್ಯುಲರ್ ಸಾ ಮಾಡಲಾರದು. ಉದ್ದನೆಯ ನೇರ ಕೊಯ್ತದಲ್ಲಿ ಮಾತ್ರ ಜಿಗ್ ಸಾ ಸೋಲುತ್ತದೆ, ಏಕೆಂದರೆ ಅದರ ಬ್ಲೇಡಿಗೆ ಹಿಡಿತ ಮೇಲ್ತುದಿಯಲ್ಲಷ್ಟೇ. ದಪ್ಪ ಮರದಲ್ಲಿ ಕೆಳತುದಿ ಬಾಗಿ ಅಂಚು ವಾರೆಯಾಗುತ್ತದೆ. ವರ್ಷಕ್ಕೆ ಒಂದೆರಡು ಹಾಳೆ ಕೊಯ್ಯುವವರು ಜಿಗ್ ಸಾಗೇ ಒಳ್ಳೆಯ ಬ್ಲೇಡು, ಒಂದು ನೇರಪಟ್ಟಿ ಇಟ್ಟುಕೊಂಡು ಸುಧಾರಿಸಬಹುದು.

ಪ್ರಶ್ನೆ: ಮಿನಿ ಸಾ ಜೊತೆ ಮೂರು ಬ್ಲೇಡು ಬಂದಿವೆ, ಮರ, ಲೋಹ, ಟೈಲ್ಸ್ ಎಲ್ಲಕ್ಕೂ ಆಗುತ್ತದೆ ಎಂದು ಬರೆದಿದೆ. ನಂಬಬಹುದೆ?

ಉತ್ತರ: ಆಗುತ್ತದೆ, ಅಲ್ಪಸ್ವಲ್ಪಕ್ಕೆ. ಕಾರ್ಬೈಡ್ ತುದಿಯದು ಮರ, ಪ್ಲೈವುಡ್ಡಿಗೆ. ನುಣ್ಣಹಲ್ಲಿನ ಹೈಸ್ಪೀಡ್ ಸ್ಟೀಲಿನದು ಪ್ಲಾಸ್ಟಿಕ್ಕು, ತೆಳು ಅಲ್ಯೂಮಿನಿಯಂ ಪಟ್ಟಿಗೆ. ಅಲ್ಯೂಮಿನಿಯಂ ಹಲ್ಲಿಗೆ ಮೆತ್ತಿಕೊಳ್ಳದಂತೆ ಮೇಣ ಹಚ್ಚಿ. ಹಲ್ಲಿಲ್ಲದ, ಅಂಚಿಗೆ ವಜ್ರದ ಪುಡಿ ಅಂಟಿಸಿದ್ದು ಟೈಲ್ಸಿಗೆ. ನಾಲ್ಕು ಟೈಲ್ಸಿಗೆ ಸರಿ, ಒಂದು ಕೋಣೆಯ ನೆಲಕ್ಕಲ್ಲ.

ಟೈಲ್ಸು, ಸಿಮೆಂಟ್ ಬೋರ್ಡುಗಳ ದೂಳಿನಲ್ಲಿ ಶ್ವಾಸಕೋಶ ಹಾಳುಮಾಡುವ ಸಿಲಿಕಾ ಇದೆ. ಬಟ್ಟೆ ಕಟ್ಟಿಕೊಂಡರೆ ಸಾಲದು. ಅತಿ ಸಣ್ಣ ದೂಳನ್ನೂ ತಡೆಯುವ ಎಫ್‌ಎಫ್‌ಪಿ3 ದರ್ಜೆಯ ಮಾಸ್ಕು, ಯಂತ್ರದ ಕೊಳವೆಗೆ ವ್ಯಾಕ್ಯೂಮ್, ಬಯಲು ಜಾಗ ಬೇಕು. ನೀರು ಸುರಿಯುವ ಏರ್ಪಾಡಿಲ್ಲದ ವಿದ್ಯುತ್ ಯಂತ್ರದ ಮೇಲೆ ನೀರು ಹೊಯ್ಯುವ ಉಪಾಯ ಮಾಡಬೇಡಿ. ಹಳೆಯ ಕಲ್ನಾರಿನ ಶೀಟು ಎಂಬ ಅನುಮಾನ ಬಂದರೆ ಯಾವ ಯಂತ್ರದಲ್ಲೂ ಕೊಯ್ಯಬೇಡಿ.

ಪ್ರಶ್ನೆ: ಬ್ಲೇಡಿನ ಬೋಲ್ಟು ಎಷ್ಟು ತಿರುಗಿಸಿದರೂ ಬಿಚ್ಚುತ್ತಿಲ್ಲ.

ಉತ್ತರ: ಬಹುಶಃ ಬಿಗಿಯುತ್ತಿದ್ದೀರಿ. ಓಡುವಾಗ ಸಡಿಲಾಗದಿರಲೆಂದು ಎಡಬದಿಯಲ್ಲಿ ಬ್ಲೇಡಿರುವ ಯಂತ್ರಗಳಿಗೆ ಸಾಮಾನ್ಯವಾಗಿ ಎಡಮರೆ, ಅಂದರೆ ತಿರುವು ಉಲ್ಟಾ. ಬ್ಲೇಡು ಓಡುವ ದಿಕ್ಕಿಗೇ ಬೋಲ್ಟನ್ನು ತಿರುಗಿಸಿದರೆ ಬಿಚ್ಚುತ್ತದೆ ಎಂದು ನೆನಪಿಟ್ಟರೆ ಎರಡೂ ಬಗೆಗೆ ಸರಿಹೋಗುತ್ತದೆ. ಮೊದಲು ಪ್ಲಗ್ಗು ಅಥವಾ ಬ್ಯಾಟರಿ ತೆಗೆಯಿರಿ, ಬ್ಲೇಡು ತಿರುಗದಂತೆ ತಡೆಯುವ ಗುಂಡಿ, ಅಂದರೆ ಸ್ಪಿಂಡಲ್ ಲಾಕ್, ಒತ್ತಿ ಹಿಡಿಯಿರಿ.

ಪ್ರಶ್ನೆ: ಅಂಗಡಿಯಲ್ಲಿ ಏನೇನು ನೋಡಿ ಕೊಳ್ಳಬೇಕು?

ಉತ್ತರ: ಮೊದಲು ಬ್ಲೇಡಿನ ನಡುತೂತು ಕೇಳಿ. ಈ ಪುಟ್ಟ ಯಂತ್ರಗಳಲ್ಲಿ 9.5, 10, 15 ಮಿ.ಮೀ. ಹೀಗೆ ಬೇರೆ ಬೇರೆ ಇವೆ. ಬ್ಲೇಡಿನ ವ್ಯಾಸವೂ ತೂತೂ ಎರಡೂ ಹೊಂದುವ ಬೇರೆ ತಯಾರಕರ ಬ್ಲೇಡು ಅದೇ ಅಂಗಡಿಯಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ ಮೊದಲ ಬ್ಲೇಡು ಮೊಂಡಾದ ದಿನವೇ ಯಂತ್ರ ಮೂಲೆ ಸೇರುತ್ತದೆ. ದೊಡ್ಡ ತೂತಿನ ಬ್ಲೇಡಿಗೆ ತಗಡು ಸುತ್ತಿ ಕೂರಿಸುವುದು ಬೇಡ. ಕೇಂದ್ರ ತಪ್ಪಿ ಬ್ಲೇಡು ಅದುರುತ್ತದೆ.

ತಳತಗಡನ್ನು ಎರಡು ಮೂಲೆಯಲ್ಲಿ ಹಿಡಿದು ತಿರುಚಿ. ಬಾಗಿದರೆ ಕೆಳಗಿಡಿ. ಆಳದ ಹಿಡಿಯನ್ನು ಬಿಗಿದು ಯಂತ್ರವನ್ನು ಅಲುಗಾಡಿಸಿ, ಹಿಡಿ ಜಾರಬಾರದು. ಕೆಳಕವಚ ಇದ್ದರೆ ಎತ್ತಿ ಬಿಡಿ, ಚಟ್ಟನೆ ಮುಚ್ಚಬೇಕು. ಸ್ವಿಚ್ಚು ಒಂದೇ ಒತ್ತಿಗೆ ಓಡಬಾರದು, ಸುರಕ್ಷತೆಯ ಗುಂಡಿಯೂ ಇರಬೇಕು. ಬ್ಲೇಡನ್ನು ಕೈಯಲ್ಲಿ ನಿಧಾನ ತಿರುಗಿಸಿ ಅಂಚು ಆಚೀಚೆ ತೂಗುತ್ತದೆಯೇ ನೋಡಿ.

ಕೊಂಡು ತಂದ ಮೇಲೆ ಮಟ್ಟ ಪರೀಕ್ಷೆಗೆ ಒಂದು ತುಂಡು ಪ್ಲೈವುಡ್ಡು ಸಾಕು. ಅಡ್ಡಕ್ಕೆ ಕೊಯ್ದು, ಒಂದು ತುಂಡನ್ನು ಮಗುಚಿ, ಕೊಯ್ದ ಅಂಚುಗಳನ್ನು ಸಮನೆಲದ ಮೇಲೆ ಮುಖಾಮುಖಿ ತಾಗಿಸಿ. ಬೆಳಕಿನ ಸಂದು ಕಂಡರೆ ಬ್ಲೇಡು ತಳಕ್ಕೆ ಲಂಬವಾಗಿಲ್ಲ. ಕಾಣುವ ಸಂದು ನಿಜವಾದ ದೋಷದ ಎರಡರಷ್ಟು. ವಾಲಿಸುವ ತಿರುಪು ಇದ್ದರೆ ಅರ್ಧದಷ್ಟು ತಿದ್ದಿ ಮತ್ತೊಮ್ಮೆ ಕೊಯ್ದು ನೋಡಿ. ತಿದ್ದಲು ತಿರುಪೇ ಇಲ್ಲದ ಮಾದರಿಯಾದರೆ ಅಂಗಡಿಗೆ ಹಿಂತಿರುಗಿಸಿ ಬೇರೆ ಕೇಳಿ.